ಹಿಟ್ಟಿನ ಕೋಳಿ ಮತ್ತು ಪರದೆಯ ಬೇಟೆ: ಎಂಬತ್ತರ ದಶಕದ ವಿಡಿಯೋ ಆಟಗಳ ಮರುಪರಿಶೀಲನೆ

ನಾಲ್ಕು ದಶಕಗಳ ಹಿಂದೆ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೋ ಆಟಗಳು ಇಂದು ಮತ್ತೊಮ್ಮೆ ಮನೆಗಳನ್ನು ಪ್ರವೇಶಿಸಿವೆ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿದ 'ಮೇಮ್' ಎಂಬ ತಂತ್ರಾಂಶವು ಹಳೆಯ ಆಟದ ಯಂತ್ರಗಳ ನಡವಳಿಕೆಯನ್ನು ಮನೆಯ ಗಣಕಯಂತ್ರದಲ್ಲಿ ಪುನರ್ನಿರ್ಮಿಸುವ ದಾರಿಯನ್ನು ತೆರೆಯಿತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು 2012ರಲ್ಲಿ ಇಂಥ ಕೆಲವು ಆಟಗಳನ್ನು ವಿನ್ಯಾಸಕೃತಿಗಳೆಂದು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅಂದಿನ ಕಂಪನಿಗಳೂ ತಮ್ಮ ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ಒಗ್ಗಿಸಿ ಮರುಪ್ರಕಟಿಸುತ್ತಿವೆ. ಒಂದು ಕಾಲಕ್ಕೆ ಪೋಲಿ ಹುಡುಗರ ಕಾಲಹರಣವೆನಿಸಿದ್ದ ವಸ್ತು ಹೀಗೆ 'ಅಭಿಜಾತ' ಎಂಬ ಗೌರವಕ್ಕೆ ಪಾತ್ರವಾಗಿದೆ. ಗೌರವ ದೊರೆತ ವಸ್ತುವನ್ನು ವಿಮರ್ಶೆಗೆ ಒಳಪಡಿಸುವುದು ನ್ಯಾಯವೇ ಸರಿ.

ನಮ್ಮ ಕುಟುಂಬಗಳಲ್ಲಿ ಈ ಆಟಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ ಒಂದಿದೆ. ಇಂದಿನ ಆಟಗಳಲ್ಲಿ ಮನುಷ್ಯರು ಮನುಷ್ಯರಂತೆಯೇ ಕಾಣುತ್ತಾರೆ, ರಕ್ತ ರಕ್ತದಂತೆಯೇ ಹರಿಯುತ್ತದೆ. ಅವುಗಳಿಗೆ ಹೋಲಿಸಿದರೆ ಹಳೆಯ ಆಟಗಳಲ್ಲಿರುವುದು ಬರಿಯ ಚುಕ್ಕೆಗಳು, ಗೆರೆಗಳು. ಚುಕ್ಕೆಯನ್ನು ಹೊಡೆದರೆ ಯಾವ ಜೀವಕ್ಕೂ ನೋವಿಲ್ಲ. ಆದ್ದರಿಂದ ಮಕ್ಕಳು ಆಡಲಿ ಎಂಬುದು ಆ ಸಮರ್ಥನೆಯ ಸಾರ. ಇನ್ನೊಂದು ಪಕ್ಷದವರು, ಗುಂಡು ಹಾರಿಸುವ ಆಟ ಯಾವುದೇ ಇರಲಿ ಅದು ಹಿಂಸೆಯೇ, ಜೈನರ ಮನೆಯಲ್ಲಿ ಅದಕ್ಕೆ ಸ್ಥಾನವಿಲ್ಲ ಎನ್ನುತ್ತಾರೆ. ಎರಡೂ ಮಾತುಗಳು ಆಟವನ್ನು ನೋಡದೆ ಆಡಿದ ಮಾತುಗಳು. ಮೊದಲನೆಯದು ಚಿತ್ರದ ಒರಟುತನವನ್ನು ಮಾತ್ರ ಗಮನಿಸುತ್ತದೆ. ಎರಡನೆಯದು ಹೆಸರನ್ನು ಕೇಳಿಯೇ ಬಾಗಿಲು ಹಾಕುತ್ತದೆ. ಆಟದ ಒಳಗಿನ ನಿಯಮಗಳೇನು, ಅವು ಆಡುವವನ ಮನಸ್ಸಿನಿಂದ ಏನನ್ನು ಬೇಡುತ್ತವೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ಚುಕ್ಕೆಗೆ ಜೀವವಿಲ್ಲ' ಎಂಬ ವಾದಕ್ಕೆ ಕನ್ನಡ ಜೈನ ಸಾಹಿತ್ಯದಲ್ಲಿ ಎಂಟು ನೂರು ವರ್ಷಗಳಿಗೂ ಹಿಂದೆಯೇ ಉತ್ತರ ದೊರೆತಿದೆ. 1209ರಲ್ಲಿ ಜನ್ನ ಕವಿ ರಚಿಸಿದ 'ಯಶೋಧರ ಚರಿತೆ'ಯ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಕೋಳಿ ಹಿಟ್ಟಿನದು, ಪ್ರಾಣವಿಲ್ಲದ್ದು. ಆದರೆ ಕತ್ತಿಯನ್ನು ಎತ್ತಿದ ಕೈಯ ಹಿಂದಿನ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮತ್ತು ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಜನ್ಮಗಳನ್ನು ಸುತ್ತಬೇಕಾಯಿತು. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ನಡೆಯಬಲ್ಲದು ಎಂಬ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ನಿರೂಪಿಸುವ ಕಥೆ ವಿರಳ. ಪರದೆಯ ಮೇಲಿನ ಬೊಂಬೆಯನ್ನು ಹೊಡೆಯುವ ಪ್ರಶ್ನೆಯೂ ಮೂಲತಃ ಇದೇ ಆಗಿದೆ. ಹಾಗೆಂದು ಎಲ್ಲ ಆಟಗಳನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಭಾವವೇ ಅಳತೆಗೋಲಾದರೆ, ಒಂದೊಂದು ಆಟವೂ ಯಾವ ಭಾವವನ್ನು ಕಟ್ಟುತ್ತದೆ ಎಂಬುದನ್ನು ಪ್ರತ್ಯೇಕವಾಗಿಯೇ ನೋಡಬೇಕಾಗುತ್ತದೆ.

ಜಪಾನಿನ ಟೈಟೊ ಸಂಸ್ಥೆ 1978ರಲ್ಲಿ ಹೊರತಂದ 'ಸ್ಪೇಸ್ ಇನ್‌ವೇಡರ್ಸ್' ಈ ಪರಂಪರೆಯ ಆದಿಕೃತಿಗಳಲ್ಲಿ ಪ್ರಮುಖವಾದುದು. ಇದನ್ನು ರೂಪಿಸಿದವನು ತೊಮೊಹಿರೊ ನಿಶಿಕಾಡೊ. ಪರದೆಯ ಮೇಲ್ಭಾಗದಲ್ಲಿ ಐದು ಸಾಲುಗಳಲ್ಲಿ 55 ಅನ್ಯಗ್ರಹ ಜೀವಿಗಳು. ಕೆಳಗೆ ಅತ್ತಿತ್ತ ಚಲಿಸುವ ಒಂದೇ ಫಿರಂಗಿ. ನಡುವೆ ಸವೆಯುತ್ತ ಹೋಗುವ ನಾಲ್ಕು ಕೋಟೆಗೋಡೆಗಳು. ಶತ್ರುಗಳು ಕಡಮೆಯಾದಂತೆಲ್ಲ ಉಳಿದವರ ವೇಗ ಹೆಚ್ಚುತ್ತದೆ. ಇದು ಮೊದಲಿಗೆ ಯಂತ್ರದ ಮಿತಿಯಿಂದ ಹುಟ್ಟಿದ ಗುಣ: ಚಿತ್ರಿಸಬೇಕಾದ ಆಕೃತಿಗಳು ಕಡಮೆಯಾದಷ್ಟೂ ಸಂಸ್ಕಾರಕವು ಉಳಿದವನ್ನು ಬೇಗ ಬೇಗ ಚಲಿಸುತ್ತಿತ್ತು. ನಿಶಿಕಾಡೊ ಅದನ್ನು ತಿದ್ದದೆ ಆಟದ ಉದ್ವೇಗವನ್ನಾಗಿ ಉಳಿಸಿಕೊಂಡನು. ನಾಲ್ಕೇ ಸ್ವರಗಳ ಮಂದ್ರಧ್ವನಿಯೊಂದು ಎದೆಬಡಿತದಂತೆ ಜೊತೆಗೂಡಿ ತಾನೂ ವೇಗಗೊಳ್ಳುತ್ತದೆ. ಇಷ್ಟು ಅಲ್ಪ ಸಾಮಗ್ರಿಯಿಂದ ಭಯವನ್ನು ನಿರ್ಮಿಸಿದ ಕೌಶಲವನ್ನು ಯಾವ ವಿಮರ್ಶಕನೂ ಅಲ್ಲಗಳೆಯಲಾರನು.

ನೀತಿಯ ದೃಷ್ಟಿಯಿಂದ ಗಮನಾರ್ಹವಾದ ಸಂಗತಿ ಬೇರೊಂದಿದೆ. ಮನುಷ್ಯರ ಮೇಲೆ ಗುಂಡು ಹಾರಿಸುವುದು ಸಲ್ಲದೆಂಬ ಕಾರಣಕ್ಕೆ ಗುರಿಯನ್ನು ಮನುಷ್ಯರೂಪದಲ್ಲಿ ಚಿತ್ರಿಸಲಿಲ್ಲವೆಂದು ನಿಶಿಕಾಡೊ ಮುಂದೆ ಹೇಳಿಕೊಂಡಿದ್ದಾನೆ. ಇದಕ್ಕೆ ಎರಡು ವರ್ಷ ಮೊದಲು, 1976ರಲ್ಲಿ, ಅಮೆರಿಕದ ಎಕ್ಸಿಡಿ ಸಂಸ್ಥೆಯ 'ಡೆತ್ ರೇಸ್' ಎಂಬ ಆಟದಲ್ಲಿ ಕಾರಿನಿಂದ ಕಡ್ಡಿಯಾಕೃತಿಗಳನ್ನು ಗುದ್ದಿ ಉರುಳಿಸಬೇಕಾಗಿತ್ತು. ಅವು ಮನುಷ್ಯರಲ್ಲ, ಪಿಶಾಚಿಗಳು ಎಂದು ತಯಾರಕರು ಹೇಳಿದರೂ ಜನ ಒಪ್ಪಲಿಲ್ಲ. ದೊಡ್ಡ ವಿವಾದವೇ ಎದ್ದಿತು. ಈ ಹಿನ್ನೆಲೆಯಲ್ಲಿ ನಿಶಿಕಾಡೊನ ಸಂಯಮ ಶ್ಲಾಘ್ಯವೆನಿಸುತ್ತದೆ. ಆದರೆ ಮನುಷ್ಯನನ್ನು ಬಿಟ್ಟ ಮೇಲೆ ಅವನು ಆರಿಸಿಕೊಂಡ ರೂಪಗಳಾವುವು? ಆಕ್ಟೋಪಸ್, ಏಡಿ ಮತ್ತು ಸ್ಕ್ವಿಡ್, ಅಂದರೆ ಕಡಲ ಜೀವಿಗಳು. ಮೂರು ವರ್ಷಗಳ ಬಳಿಕ ನಾಮ್ಕೊ ಸಂಸ್ಥೆ ಹೊರತಂದ 'ಗ್ಯಾಲಗಾ'ದಲ್ಲಿ ಶತ್ರುಗಳು ಜೇನುನೊಣಗಳನ್ನೂ ಚಿಟ್ಟೆಗಳನ್ನೂ ಹೋಲುತ್ತವೆ.

ಅದೇ 1981ರಲ್ಲಿ ಅಟಾರಿ ಸಂಸ್ಥೆಯಿಂದ 'ಸೆಂಟಿಪೀಡ್' ಬಂದಿತು. ಇದರ ಕರ್ತೃಗಳು ಡೋನಾ ಬೈಲಿ ಮತ್ತು ಎಡ್ ಲಾಗ್. ಅಣಬೆಗಳು ತುಂಬಿದ ತೋಟದಂತಹ ಪರದೆಯಲ್ಲಿ ಶತಪದಿಯೊಂದು ಹರಿದು ಬರುತ್ತದೆ. ಅದರ ನಡುವಿಗೆ ಹೊಡೆದರೆ ಎರಡಾಗಿ ಒಡೆದು ಎರಡೂ ಹರಿಯುತ್ತವೆ. ಜೇಡ, ಚಿಗಟ, ಚೇಳು ಇವೂ ಗುರಿಗಳೇ. ಯುದ್ಧದ ವಸ್ತುಗಳನ್ನೇ ಹೊಂದಿದ್ದ ಆಟದ ಕಲ್ಪನೆಗಳ ನಡುವೆ ಇದನ್ನು ಆರಿಸಿಕೊಂಡದ್ದೇಕೆ ಎಂಬ ಪ್ರಶ್ನೆಗೆ, ಹುಳುವನ್ನು ಹೊಡೆಯುವುದು ಅಷ್ಟೇನೂ ಕೆಟ್ಟದ್ದೆಂದು ತನಗೆ ತೋರಲಿಲ್ಲ ಎಂಬ ಅರ್ಥದ ಉತ್ತರವನ್ನು ಡೋನಾ ಬೈಲಿ ನೀಡಿದ್ದಾರೆ. ಹಿಂಸೆಯಿಂದ ಹಿಂಜರಿದ ಸಹೃದಯ ಮನಸ್ಸೊಂದರ ಪ್ರಾಮಾಣಿಕ ಮಾತು ಇದು. ಆದರೆ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವರಾಶಿಯನ್ನು ಎಣಿಸಲು ಬಾಲ್ಯದಲ್ಲೇ ಕಲಿಯುವ ನಮ್ಮ ಮಕ್ಕಳು ಈ ಉತ್ತರದ ಮುಂದೆ ಒಂದು ಕ್ಷಣ ನಿಲ್ಲಬೇಕು. ಡೆತ್ ರೇಸಿನ ಕಡ್ಡಿಮನುಷ್ಯರಿಗಾಗಿ ಎದ್ದ ಕೂಗು ಶತಪದಿಗಾಗಿ ಏಳಲಿಲ್ಲ. ವಿಡಿಯೋ ಆಟಗಳ ಹಿಂಸೆಯನ್ನು ಕುರಿತು ಹೊರಗೆ ನಡೆದ ಚರ್ಚೆಯ ಬಹುಪಾಲು ಮನುಷ್ಯಾಕೃತಿಯಿಂದ ಆರಂಭವಾಗಿ ಮನುಷ್ಯಾಕೃತಿಯಲ್ಲಿಯೇ ಮುಗಿಯುತ್ತದೆ. ನಮ್ಮ ವಿಮರ್ಶೆ ಅಲ್ಲಿಗೇ ನಿಂತರೆ ನಾವು ನಮ್ಮದೇ ದೃಷ್ಟಿಯನ್ನು ಮರೆತಂತಾಗುತ್ತದೆ.

ಇನ್ನು ಆಟಗಳು ಹೂಡುವ ಸನ್ನಿವೇಶವನ್ನು ಗಮನಿಸೋಣ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ನಮ್ಮವರು ವಿಂಗಡಿಸಿದ್ದಾರೆ. ಆಕ್ರಮಣವನ್ನು ಎದುರಿಸುವಾಗ ಅನಿವಾರ್ಯವಾಗಿ ಆಗುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಇದು ಪೂರ್ಣವಾಗಿ ತ್ಯಾಜ್ಯವಾಗಿಲ್ಲ. ಎಂಬತ್ತರ ದಶಕದ ಆಟಗಳು ಬಹುಮಟ್ಟಿಗೆ ಈ ನಾಲ್ಕನೆಯ ಬಗೆಯ ವೇಷವನ್ನೇ ಧರಿಸುತ್ತವೆ. ಶತ್ರು ಮೇಲಿನಿಂದ ಇಳಿದು ಬರುತ್ತಾನೆ, ಆಡುವವನು ಏಕಾಂಗಿ, ಹೊಡೆಯದಿದ್ದರೆ ತಾನೇ ಅಳಿಯುತ್ತಾನೆ. ಸಂಧಾನಕ್ಕೆ ಗುಂಡಿಯಿಲ್ಲ, ಕ್ಷಮೆಗೆ ಸನ್ನೆಕೋಲಿಲ್ಲ. ಅನಿವಾರ್ಯತೆಯನ್ನು ಆಟದ ನಿಯಮವೇ ನಿರ್ಮಿಸಿಕೊಡುವುದರಿಂದ ಆಡುವವನು ನಿರ್ದೋಷಿಯಂತೆ ತೋರುತ್ತಾನೆ. ಈ ವೇಷ ಎಲ್ಲಿ ನಿಜ, ಎಲ್ಲಿ ನೆಪ ಎಂಬುದನ್ನು ಪರೀಕ್ಷಿಸುವಲ್ಲಿ ಒಳ್ಳೆಯ ಆಟಕ್ಕೂ ಕೆಟ್ಟ ಆಟಕ್ಕೂ ಇರುವ ಅಂತರ ಗೋಚರಿಸುತ್ತದೆ.

ವೇಷವು ನಿಜವೇ ಆಗಿರುವ ಕೃತಿಯೆಂದರೆ 1980ರ 'ಮಿಸೈಲ್ ಕಮಾಂಡ್'. ಅಟಾರಿ ಸಂಸ್ಥೆಯ ಡೇವ್ ಥ್ಯೂರರ್ ರೂಪಿಸಿದ ಈ ಆಟದಲ್ಲಿ ಆರು ನಗರಗಳಿವೆ, ಮೂರು ರಕ್ಷಣಾನೆಲೆಗಳಿವೆ, ಪ್ರತಿ ನೆಲೆಯಲ್ಲಿ ಹತ್ತು ಕ್ಷಿಪಣಿಗಳಿವೆ. ಮೇಲಿನಿಂದ ಇಳಿಯುವ ಅಣ್ವಸ್ತ್ರಗಳನ್ನು ನಡುದಾರಿಯಲ್ಲಿಯೇ ಸಿಡಿಸಿ ನಗರಗಳನ್ನು ಉಳಿಸುವುದಷ್ಟೇ ಆಡುವವನ ಕೆಲಸ. ಪ್ರತಿದಾಳಿ ಮಾಡುವ ಅವಕಾಶವೇ ಇಲ್ಲ. ಶತ್ರುವಿನ ಊರು ಪರದೆಯಲ್ಲಿ ಕಾಣುವುದೇ ಇಲ್ಲ. ಆಟವು ರಕ್ಷಣೆಯದೇ ಆಗಿರಬೇಕು, ಆಕ್ರಮಣದ್ದಾಗಿರಬಾರದು ಎಂಬುದು ಥ್ಯೂರರನ ನಿಲುವಾಗಿತ್ತು. ಪ್ರತಿ ಸುತ್ತಿನ ಕೊನೆಯಲ್ಲಿ ಉಳಿದ ನಗರಗಳಿಗೂ ಬಳಸದೆ ಉಳಿಸಿದ ಕ್ಷಿಪಣಿಗಳಿಗೂ ಅಂಕ ದೊರೆಯುತ್ತದೆ. ಆಯುಧವನ್ನು ಬಳಸದೆ ಉಳಿಸಿದ್ದಕ್ಕೆ ಪ್ರತಿಫಲ ಕೊಡುವ ಆಟ ಈ ಪರಂಪರೆಯಲ್ಲಿ ಅಪರೂಪವೆಂಬುದನ್ನು ಓದುಗರು ಗಮನಿಸಬೇಕು.

ಆದರೂ ಈ ಆಟದಲ್ಲಿ ಗೆಲುವಿಲ್ಲ. ಸುತ್ತುಗಳು ಬೆಳೆದಂತೆ ದಾಳಿ ದಟ್ಟವಾಗುತ್ತದೆ. ಇಂದಲ್ಲ ನಾಳೆ ಕೊನೆಯ ನಗರವೂ ಉರಿಯುತ್ತದೆ. ಆಗ ಪರದೆಯ ಮೇಲೆ 'ಆಟ ಮುಗಿಯಿತು' ಎಂಬ ರೂಢಿಯ ಮಾತಿನ ಬದಲು 'ಅಂತ್ಯ' ಎಂಬರ್ಥದ ಎರಡೇ ಪದಗಳು ಮೂಡುತ್ತವೆ. ಶೀತಲ ಸಮರದ ಆ ದಿನಗಳಲ್ಲಿ ಈ ಎರಡು ಪದಗಳಿಗೆ ಆಟದಾಚೆಗೂ ಅರ್ಥವಿತ್ತು. ಇದನ್ನು ರಚಿಸುವ ಕಾಲದಲ್ಲಿ ನಗರಗಳ ಮೇಲೆ ಅಣುಬಾಂಬು ಬೀಳುವ ದುಃಸ್ವಪ್ನಗಳು ತನ್ನನ್ನು ಕಾಡಿದವೆಂದು ಥ್ಯೂರರ್ ಹೇಳಿದ್ದಾನೆ. ಅಣ್ವಸ್ತ್ರ ಯುದ್ಧದಲ್ಲಿ ಗೆದ್ದವರಿರುವುದಿಲ್ಲ ಎಂಬ ಸತ್ಯವನ್ನು ಒಂದು ನಾಣ್ಯದ ಆಟವು ಉಪದೇಶವಿಲ್ಲದೆ, ತನ್ನ ನಿಯಮಗಳ ಮೂಲಕವೇ ಮನಗಾಣಿಸಿತು.

ವಿಲಿಯಮ್ಸ್ ಸಂಸ್ಥೆಗಾಗಿ ಯೂಜೀನ್ ಜಾರ್ವಿಸ್ ರೂಪಿಸಿದ 'ಡಿಫೆಂಡರ್' (1981) ಮತ್ತೊಂದು ಬಗೆಯ ಉದಾಹರಣೆ. ಇಲ್ಲಿ ಗುಂಡಿನ ಸುರಿಮಳೆಯೇನೋ ಇದೆ. ಆದರೆ ನೆಲದ ಮೇಲೆ ಹತ್ತು ಮಂದಿ ಅಸಹಾಯಕರಿದ್ದಾರೆ. ಶತ್ರುನೌಕೆಗಳು ಅವರನ್ನು ಎತ್ತಿಕೊಂಡು ಹೋಗುತ್ತವೆ. ನೌಕೆಯನ್ನು ಹೊಡೆದು ಬೀಳಿಸಿದರೆ ಸಾಲದು. ಬೀಳುತ್ತಿರುವ ಮನುಷ್ಯನನ್ನು ಗಾಳಿಯಲ್ಲಿಯೇ ಹಿಡಿದು ಮೆಲ್ಲಗೆ ನೆಲಕ್ಕಿಳಿಸಬೇಕು. ಗುರಿತಪ್ಪಿದ ಗುಂಡು ಅವರನ್ನೇ ಕೊಲ್ಲಬಹುದು. ಹತ್ತು ಜನರೂ ಅಳಿದರೆ ಗ್ರಹವೇ ಸಿಡಿದುಹೋಗಿ ಆಡುವವನು ಶೂನ್ಯದಲ್ಲಿ ಮತ್ತಷ್ಟು ಕ್ರೂರರಾದ ಶತ್ರುಗಳ ನಡುವೆ ಉಳಿಯುತ್ತಾನೆ. ಪ್ರಮಾದದಿಂದ ಆದ ಹಾನಿಗೂ ಹೊಣೆಯುಂಟು ಎಂಬ ಮಾತು ಇಲ್ಲಿ ನಿಯಮದ ರೂಪವನ್ನು ತಾಳಿದೆ. ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್ 1982ರಲ್ಲಿ ಹೊರತಂದ 'ರೋಬೊಟ್ರಾನ್: 2084' ಕೂಡ ಕೊನೆಯ ಮಾನವಕುಟುಂಬವನ್ನು ಉಳಿಸುವ ಕಥೆಯೇ, ಆದರೆ ಅಲ್ಲಿಯ ಗದ್ದಲದಲ್ಲಿ ರಕ್ಷಣೆಯು ಅಂಕದ ಒಂದು ಮೂಲವಾಗಿ ಕುಗ್ಗಿಹೋಗುತ್ತದೆ.

ದಶಕದ ಉತ್ತರಾರ್ಧದಲ್ಲಿ ಗಾಳಿ ಬದಲಾಯಿತು. ಕ್ಯಾಪ್‌ಕಾಮ್ ಸಂಸ್ಥೆಯ 'ಕಮಾಂಡೊ' (1985), ಎಸ್‌ಎನ್‌ಕೆ ಸಂಸ್ಥೆಯ 'ಇಕಾರಿ ವಾರಿಯರ್ಸ್' (1986), ಕೊನಾಮಿಯ 'ಕಾಂಟ್ರಾ' (1987), ಟೈಟೊದ 'ಆಪರೇಷನ್ ವುಲ್ಫ್' (1987) ಇವುಗಳಲ್ಲಿ ಗುರಿಯು ಸಾಮಾನ್ಯವಾಗಿ ಮನುಷ್ಯನೇ. ನಿಶಿಕಾಡೊ ಹಾಕಿಕೊಂಡಿದ್ದ ಗೆರೆಯನ್ನು ಅವನ ಸಂಸ್ಥೆಯೇ ಒಂಬತ್ತು ವರ್ಷಗಳಲ್ಲಿ ದಾಟಿತು. ಶತ್ರುಸೈನಿಕರು ಒಬ್ಬರಂತೆ ಒಬ್ಬರು, ಮುಖವಿಲ್ಲದವರು, ಲೆಕ್ಕವಿಲ್ಲದವರು. ಇನ್ನೊಂದು ಸೋಜಿಗವೆಂದರೆ ಕ್ಯಾಪ್‌ಕಾಮ್ 1984ರಲ್ಲಿ ಹೊರತಂದ '1942'. ಜಪಾನಿನಲ್ಲಿಯೇ ತಯಾರಾದ ಈ ಆಟದಲ್ಲಿ ಆಡುವವನು ಅಮೆರಿಕದ ಯುದ್ಧವಿಮಾನವನ್ನೇರಿ ಟೋಕಿಯೋದತ್ತ ಸಾಗುತ್ತ ಜಪಾನಿ ವಿಮಾನಗಳನ್ನು ಉರುಳಿಸಬೇಕು. ತಮ್ಮವರೇ ಮಡಿದ ಯುದ್ಧವನ್ನು ಮಾರಾಟದ ಅನುಕೂಲಕ್ಕಾಗಿ ತಿರುಗಿಸಿ ನಿಲ್ಲಿಸಿದ ಈ ನಿದರ್ಶನವು, ಶತ್ರು ಯಾರೆಂಬುದು ಇಂಥ ಆಟಗಳಿಗೆ ಎಷ್ಟು ಗೌಣವೆಂಬುದನ್ನು ತೋರಿಸುತ್ತದೆ. ಗುರಿಯೊಂದಿದ್ದರೆ ಸಾಕು, ಅದಕ್ಕೆ ಅಂಟಿಸುವ ಹೆಸರು ಯಾವುದಾದರೂ ಆದೀತು.

'ಆಪರೇಷನ್ ವುಲ್ಫ್' ಆಟವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಪ್ರಯೋಜನಕರ. ಯಂತ್ರದ ಮುಂಭಾಗದಲ್ಲಿ ಉಝಿ ಬಂದೂಕಿನ ಪ್ರತಿಕೃತಿಯೊಂದನ್ನು ಜೋಡಿಸಲಾಗಿದೆ. ಹಾರಿಸಿದಾಗ ಅದು ಕೈಯಲ್ಲಿ ಕಂಪಿಸುತ್ತದೆ. ಒತ್ತೆಯಾಳುಗಳನ್ನು ಬಿಡಿಸುವುದು ಉದ್ದೇಶ. ನಾಗರಿಕರು ಪರದೆಯಲ್ಲಿ ಅಡ್ಡ ಓಡುತ್ತಾರೆ. ಅವರಿಗೆ ಗುಂಡು ತಗುಲಿದರೆ ಆಡುವವನ ಶಕ್ತಿ ಕುಂದುತ್ತದೆ. ಇಲ್ಲಿಯವರೆಗೆ ನೀತಿಯ ಎಚ್ಚರ ಕಾಣುತ್ತದೆ. ಆದರೆ ಗುಂಡುಗಳು ಮಿತವಾಗಿರುವುದರಿಂದ ಅವನ್ನು ಮತ್ತೆ ಸಂಪಾದಿಸಬೇಕು. ಹಾಗೆ ಸಂಪಾದಿಸುವ ಮಾರ್ಗಗಳಲ್ಲಿ ಪೆಟ್ಟಿಗೆಗಳನ್ನೂ ಪೀಪಾಯಿಗಳನ್ನೂ ಹೊಡೆಯುವುದರ ಜೊತೆಗೆ, ದಾರಿಯಲ್ಲಿ ಓಡಾಡುವ ಕೋಳಿಯಂಥ ಪ್ರಾಣಿಗಳನ್ನು ಹೊಡೆಯುವುದೂ ಒಂದು. ನಾಗರಿಕನನ್ನು ಕೊಂದರೆ ದಂಡ. ಕೋಳಿಯನ್ನು ಕೊಂದರೆ ಗುಂಡಿನ ಬಹುಮಾನ. ಆ ಕೋಳಿ ಆಕ್ರಮಣಕಾರಿಯಲ್ಲ, ಯಾರ ದಾರಿಗೂ ಅಡ್ಡವಲ್ಲ. ವಿರೋಧಿ ಹಿಂಸೆಯ ವೇಷ ಇಲ್ಲಿ ಕಳಚಿಬೀಳುತ್ತದೆ. ಇಷ್ಟಾರ್ಥಸಿದ್ಧಿಗಾಗಿ ನಿರಪರಾಧಿಯಾದ ಕೋಳಿಯನ್ನು ಬಲಿಕೊಡುವ ಕ್ರಿಯೆ ಯಾವುದು ಎಂಬುದನ್ನು ಜನ್ನನ ಓದುಗರಿಗೆ ವಿವರಿಸಬೇಕಾಗಿಲ್ಲ.

ಇದಕ್ಕಿಂತ ಕೆಳಗಿನ ಮೆಟ್ಟಿಲೂ ಇತ್ತು. ಎಕ್ಸಿಡಿ ಸಂಸ್ಥೆಯ 'ಚಿಲ್ಲರ್' (1986) ಎಂಬ ಆಟದಲ್ಲಿ ಚಿತ್ರಹಿಂಸೆಯ ಕೋಣೆಯಲ್ಲಿ ಕಟ್ಟಿಹಾಕಲ್ಪಟ್ಟವರ ಮೇಲೆ ಗುಂಡು ಹಾರಿಸುವುದೇ ಆಟ. ಎದುರಾಳಿಯಿಲ್ಲ, ಅಪಾಯವಿಲ್ಲ, ಉಳಿಸಬೇಕಾದವರಿಲ್ಲ. ಓಡುವ ಗಡಿಯಾರ ಮಾತ್ರ ಉಂಟು. ನಮ್ಮ ಆಚಾರ್ಯರು ರೌದ್ರಧ್ಯಾನದ ಭೇದಗಳಲ್ಲಿ ಮೊದಲನೆಯದಾಗಿ ಹಿಂಸಾನಂದವನ್ನು ಹೇಳಿರುವುದು ಸಕಾರಣವಾಗಿದೆ. ಈ ಆಟಗಳು ಏಕಾಗ್ರತೆಯನ್ನು ಬೆಳೆಸುತ್ತವೆ ಎಂದು ಹೊಗಳುವವರು ಇದನ್ನು ನೆನೆಯಬೇಕು. ಏಕಾಗ್ರತೆ ತಾನೇ ಸದ್ಗುಣವಾಗಿದ್ದರೆ ಬೇಟೆಗಾರನೂ ಯೋಗಿಯಾಗುತ್ತಿದ್ದನು. ಧ್ಯಾನವು ಯಾವುದರಲ್ಲಿ ನೆಲೆಸಿದೆ, ಯಾವುದರಿಂದ ಸುಖಪಡುತ್ತಿದೆ ಎಂಬುದೇ ಅದನ್ನು ಆರ್ತವನ್ನಾಗಿಯೋ ರೌದ್ರವನ್ನಾಗಿಯೋ ಧರ್ಮ್ಯವನ್ನಾಗಿಯೋ ಮಾಡುತ್ತದೆ.

ಮರಣವು ಈ ಆಟಗಳಲ್ಲಿ ಉಳಿಸಿಹೋಗುವ ಗುರುತಿನ ವಿಚಾರವೂ ಚಿಂತನೀಯ. ಸತ್ತ ಶತ್ರು ಕ್ಷಣಾರ್ಧದಲ್ಲಿ ಮಾಯವಾಗುತ್ತಾನೆ. ನೆಲ ಮತ್ತೆ ಶುಭ್ರವಾಗುತ್ತದೆ. ಉಳಿಯುವುದು ಅಂಕ ಮಾತ್ರ. ಕರ್ಮಕ್ಕೆ ಬಂಧವಿಲ್ಲದ ಲೋಕವಿದು. ವಿಪರ್ಯಾಸವೆಂದರೆ, ಅಂದು ಅತ್ಯಂತ ಖಂಡನೆಗೊಳಗಾದ 'ಡೆತ್ ರೇಸ್' ಆಟದಲ್ಲಿ ಮಾತ್ರ ಪ್ರತಿ ಸಾವಿನ ಜಾಗದಲ್ಲಿ ಒಂದು ಗೋರಿಯ ಶಿಲುಬೆ ಏಳುತ್ತಿತ್ತು, ಆ ಶಿಲುಬೆಗಳೇ ಮುಂದೆ ಕಾರಿನ ದಾರಿಗೆ ತಡೆಯಾಗುತ್ತಿದ್ದವು. ಮಾಡಿದ್ದು ಮಾಡಿದವನ ದಾರಿಗೇ ಅಡ್ಡ ಬರುತ್ತದೆ ಎಂಬ ಈ ನಿಯಮವನ್ನು ತಯಾರಕರು ನೀತಿಬೋಧೆಗಾಗಿ ಇಟ್ಟಿರಲಾರರು. ಆದರೂ ಆ ಒರಟು ಆಟದಲ್ಲಿದ್ದ ಈ ಒಂದು ಅಂಶ, ಅದರ ನಂತರ ಬಂದ ಎಷ್ಟೋ ನಯಗಾರಿಕೆಯ ಆಟಗಳಲ್ಲಿ ಕಾಣೆಯಾಯಿತು.

ಜೀವದ ಎಣಿಕೆಯೂ ಇದಕ್ಕೆ ಹೊಂದಿಕೊಂಡ ವಿಷಯ. ಒಂದು ನಾಣ್ಯಕ್ಕೆ ಮೂರು ಪ್ರಾಣ ಎಂಬುದು ಈ ಯಂತ್ರಗಳ ಸಾಮಾನ್ಯ ಒಪ್ಪಂದ. ಆಡುವವನು ಬೇಗ ಸತ್ತಷ್ಟೂ ಯಂತ್ರದ ಒಡೆಯನಿಗೆ ಲಾಭ. ಆದ್ದರಿಂದ ಆಟದ ಕಾಠಿನ್ಯ ಕಲೆಯ ಬೇಡಿಕೆಯಷ್ಟೇ ವ್ಯಾಪಾರದ ಬೇಡಿಕೆಯೂ ಆಗಿತ್ತು. ಅಟಾರಿ ಗೇಮ್ಸ್ ಸಂಸ್ಥೆ 1985ರಲ್ಲಿ ಹೊರತಂದ 'ಗಾಂಟ್ಲೆಟ್' ಇದನ್ನು ಮುಚ್ಚುಮರೆಯಿಲ್ಲದೆ ಮಾಡಿತು: ಅಲ್ಲಿ ಆಡುವವನ ಆಯುಷ್ಯ ಸುಮ್ಮನೆ ನಿಂತರೂ ಕ್ಷಣಕ್ಷಣಕ್ಕೆ ಕರಗುತ್ತದೆ, ಮತ್ತೊಂದು ನಾಣ್ಯ ಹಾಕಿದರೆ ಹೆಚ್ಚುತ್ತದೆ. 1990ರ ದಶಕದಲ್ಲಿ ನಮ್ಮ ಊರುಗಳಿಗೂ ಬಂದ ಅಗ್ಗದ ಟಿವಿ ಆಟದ ಪೆಟ್ಟಿಗೆಗಳ ಮೂಲಕ 'ಕಾಂಟ್ರಾ' ಕರ್ನಾಟಕದ ಮಕ್ಕಳಿಗೂ ಪರಿಚಿತವಾಯಿತು. ಅದರ ಮನೆಯ ಆವೃತ್ತಿಯಲ್ಲಿ ಗುಂಡಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಿದರೆ 30 ಪ್ರಾಣಗಳು ದೊರೆಯುತ್ತಿದ್ದವು. ಮನುಷ್ಯಜನ್ಮ ದುರ್ಲಭವೆಂದು ಬಸದಿಯಲ್ಲಿ ಕೇಳಿದ ಮಗು ಸಂಜೆ ಮನೆಯಲ್ಲಿ ಮೂವತ್ತು ಜನ್ಮಗಳನ್ನು ಒಂದು ಗಂಟೆಯಲ್ಲಿ ವ್ಯಯಿಸುತ್ತಿತ್ತು. ಇದರಿಂದ ಮಗು ಕೆಟ್ಟಿತೆಂದು ಹೇಳಲಾಗದು. ಆದರೆ 'ಪ್ರಾಣ' ಎಂಬ ಶಬ್ದ ಎರಡು ಕಡೆ ಎರಡು ಬೆಲೆಗೆ ಚಲಾವಣೆಯಾಗುತ್ತಿದೆ ಎಂಬುದನ್ನು ಹಿರಿಯರು ಮಗುವಿಗೆ ಹೇಳಬೇಕಾಗಿತ್ತು.

ಆಟವನ್ನು ಆಡುವವನ ಹೊಣೆಯಂತೆ ತಯಾರಿಸುವವನ ಹೊಣೆಯೂ ಉಂಟು. ಶ್ರಾವಕನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯನ್ನು ವಿವರಿಸುವಾಗ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಐದನ್ನು ತ್ಯಜಿಸಲು ಸಮಂತಭದ್ರಾಚಾರ್ಯರು ಹೇಳಿದ್ದಾರೆ. ಹಿಂಸೆಯ ಸಾಧನಗಳನ್ನು ಇತರರಿಗೆ ಒದಗಿಸುವುದೇ ಹಿಂಸಾದಾನ. ಅಟಾರಿ ಸಂಸ್ಥೆಯ ಎಡ್ ರೋಟ್‌ಬರ್ಗ್ 1980ರಲ್ಲಿ 'ಬ್ಯಾಟಲ್‌ಝೋನ್' ಎಂಬ ಟ್ಯಾಂಕ್ ಯುದ್ಧದ ಆಟವನ್ನು ರಚಿಸಿದನು. ಬ್ರಾಡ್ಲಿ ಯುದ್ಧವಾಹನದ ಗೋಲಂದಾಜರ ತರಬೇತಿಗೆ ಇದನ್ನು ಮಾರ್ಪಡಿಸಿಕೊಡಬೇಕೆಂಬ ಬೇಡಿಕೆ ಅಮೆರಿಕದ ಸೈನ್ಯದ ಕಡೆಯಿಂದ ಬಂದಾಗ ರೋಟ್‌ಬರ್ಗ್ ವಿರೋಧಿಸಿದನು; ಮುಂದೆಂದೂ ಸೈನ್ಯದ ಕೆಲಸಕ್ಕೆ ತನ್ನನ್ನು ನಿಯೋಜಿಸಬಾರದೆಂಬ ಭರವಸೆ ಪಡೆದ ಮೇಲೆಯೇ ಒಲ್ಲದ ಮನಸ್ಸಿನಿಂದ ಆ ಕೆಲಸವನ್ನು ಮುಗಿಸಿದನು. ಹಿಂಸಾದಾನ ಎಂಬ ಶಬ್ದವನ್ನು ಕೇಳದಿದ್ದ ಒಬ್ಬ ತಂತ್ರಜ್ಞನಿಗೂ ಅದರ ಅರ್ಥ ತಿಳಿದಿತ್ತು. ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮ ಸಮಾಜದ ಅನೇಕ ಯುವಕ ಯುವತಿಯರಿಗೆ ಈ ಪ್ರಸಂಗ ಮನನಯೋಗ್ಯವಾಗಿದೆ. ಆಟವೆಂದು ಬರೆದ ಸೂತ್ರವು ನಾಳೆ ಯಾರ ಕೈಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಬರೆದವರಿಗಿದೆ.

ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ಯುದ್ಧದ ಆಟಗಳಿಂದ ತುಂಬಿದ್ದ ಆಟದ ಮಂದಿರಗಳಿಗೆ ಹೆಂಗಸರೂ ಸಂಕೋಚವಿಲ್ಲದೆ ಬರುವಂತಾಗಬೇಕೆಂದು ಬಯಸಿ ನಾಮ್ಕೊ ಸಂಸ್ಥೆಯ ತೋರು ಇವಾತಾನಿ 1980ರಲ್ಲಿ 'ಪ್ಯಾಕ್-ಮ್ಯಾನ್' ಆಟವನ್ನು ರೂಪಿಸಿದನು. ಓಟ, ಅಡಗುವಿಕೆ, ಬೆನ್ನಟ್ಟುವಿಕೆ ಇವೇ ಅದರ ಸತ್ತ್ವ. ಬೆನ್ನಟ್ಟುವ ಭೂತಗಳನ್ನು ನುಂಗಿದರೂ ಅವು ಅಳಿಯುವುದಿಲ್ಲ. ಅವುಗಳ ಕಣ್ಣುಗಳು ಮನೆಗೆ ಮರಳಿ ಮತ್ತೆ ಪೂರ್ಣರೂಪವನ್ನು ತಾಳುತ್ತವೆ. ಕೊಲೆಯಿಲ್ಲದೆಯೂ ಉದ್ವೇಗವನ್ನೂ ಉಲ್ಲಾಸವನ್ನೂ ಕಟ್ಟಬಹುದೆಂಬುದಕ್ಕೆ, ಅದು ಲೋಕಪ್ರಿಯವೂ ಆಗಬಹುದೆಂಬುದಕ್ಕೆ ಈ ಆಟವೇ ಸಾಕ್ಷಿ. ಹಿಂಸೆಯಿಲ್ಲದೆ ಆಟ ರುಚಿಸದು ಎಂಬ ವ್ಯಾಪಾರಿಗಳ ಮಾತು ಆ ದಶಕದ ಆರಂಭದಲ್ಲಿಯೇ ಸುಳ್ಳಾಗಿತ್ತು.

ಇಂಥ ಆಟಗಳಿಂದ ಮಕ್ಕಳು ಹಿಂಸಾಚಾರಿಗಳಾಗುತ್ತಾರೆಯೇ ಎಂಬ ಪ್ರಶ್ನೆಯಲ್ಲಿ ಆತುರದ ತೀರ್ಪು ಸಲ್ಲದು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಎವರೆಟ್ ಕೂಪ್ 1982ರಲ್ಲಿ ಈ ಆಟಗಳು ಹಾನಿಕರವೆಂದು ಸಾರ್ವಜನಿಕವಾಗಿ ನುಡಿದು, ಕೂಡಲೇ ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಸ್ಪಷ್ಟೀಕರಿಸಬೇಕಾಯಿತು. ಹಿಂಸಾತ್ಮಕ ಆಟಗಳ ಮಾರಾಟವನ್ನು ಅಪ್ರಾಪ್ತ ವಯಸ್ಕರಿಗೆ ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ರದ್ದುಪಡಿಸಿತು. ಅಮೆರಿಕದ ಮನಶ್ಶಾಸ್ತ್ರ ಸಂಘವು ಇಂಥ ಆಟಗಳಿಗೂ ಆಕ್ರಮಣಶೀಲ ವರ್ತನೆಗೂ ಸಂಬಂಧವುಂಟೆಂದು 2015ರಲ್ಲಿ ಹೇಳಿತಾದರೂ, ನಿಜವಾದ ಹಿಂಸಾಕೃತ್ಯಗಳಿಗೆ ಅವನ್ನು ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು 2020ರಲ್ಲಿ ತಿಳಿಸಿತು. ಆದುದರಿಂದ ಭೀತಿಯನ್ನು ಹರಡುವುದು ಸತ್ಯವ್ರತಕ್ಕೆ ಒಪ್ಪುವ ಕೆಲಸವಲ್ಲ. ಆದರೆ ನಮ್ಮ ಪ್ರಶ್ನೆ ಅದಕ್ಕಿಂತ ಸೂಕ್ಷ್ಮವಾದುದು. ಯಶೋಧರನು ಹಿಟ್ಟಿನ ಕೋಳಿಯನ್ನು ಕಡಿದ ಬಳಿಕ ನಿಜವಾದ ಕೋಳಿಗಳನ್ನು ಕಡಿಯುತ್ತ ಹೋದನೆಂದು ಕಥೆ ಹೇಳುವುದಿಲ್ಲ. ಕೃತ್ಯ ಮುಂದುವರಿಯಿತೇ ಎಂಬುದನ್ನು ವಿಜ್ಞಾನ ಅಳೆಯಲಿ. ಭಾವ ಎಲ್ಲಿ ನಿಂತಿತ್ತು ಎಂಬುದನ್ನು ಆಡುವವನೇ ಅಳೆದುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸುವುದು ಅಗತ್ಯ. ಹಾಗಾದರೆ ಪಂಪ, ರನ್ನರ ಯುದ್ಧವರ್ಣನೆಗಳನ್ನೂ ಬಿಡಬೇಕೆ? ಬೇಕಿಲ್ಲ. ನಮ್ಮ ಕವಿಗಳು ಯುದ್ಧವನ್ನು ಚಿತ್ರಿಸಲು ಹಿಂಜರಿಯಲಿಲ್ಲ. ಆದರೆ ಯುದ್ಧದ ನಂತರ ಏನಾಯಿತು ಎಂಬುದನ್ನು ಚಿತ್ರಿಸಲೂ ಮರೆಯಲಿಲ್ಲ. ಪಂಪನ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ನಿರಪರಾಧಿ ಸೈನಿಕರು ಮಡಿಯಬಾರದೆಂದು ಮಂತ್ರಿಗಳು ಸೂಚಿಸಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು. ಕೊಲೆಗೆ ಬದಲಾಗಿ ಪಂದ್ಯವನ್ನು ಇಟ್ಟ ಪರಂಪರೆ ನಮ್ಮದು. ಸೋತ ಭರತನು ನಿಯಮವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ಅದು ಬಾಹುಬಲಿಯನ್ನು ಕೊಲ್ಲದೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದ ಬಾಹುಬಲಿಗೆ ಗೆಲುವೇ ಹೇಯವಾಗಿ ತೋರಿತು. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಾವು ಪೂಜಿಸುತ್ತಿರುವುದು ಮೂರೂ ಪಂದ್ಯಗಳನ್ನು ಗೆದ್ದು, ಫಲಕದ ಮೇಲೆ ಹೆಸರು ಬರೆಸಿಕೊಳ್ಳದೆ ನಡೆದುಬಿಟ್ಟವನನ್ನು. ಅತ್ಯಧಿಕ ಅಂಕ ಗಳಿಸಿ ಮೂರು ಅಕ್ಷರಗಳಲ್ಲಿ ಹೆಸರನ್ನು ಮೂಡಿಸುವ ಆಸೆ ಯಾವ ಕಷಾಯಕ್ಕೆ ಸೇರಿದ್ದೆಂಬುದನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಮಕ್ಕಳಿಗೂ ತಿಳಿಯುತ್ತದೆ.

ಈ ಪರಿಶೀಲನೆಯಿಂದ ಒಂದು ಆಟವನ್ನು ಅಳೆಯಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಗುರಿಯಾದವನು ನಿಜವಾಗಿ ಆಕ್ರಮಣಕಾರಿಯೇ, ಅಥವಾ ಲಾಭಕ್ಕಾಗಿ ಗುರಿಯಾದ ನಿರಪರಾಧಿಯೇ? ಅಜಾಗರೂಕತೆಗೂ ಕೊಲೆಗೂ ಆಟದೊಳಗೆ ಏನಾದರೂ ಪರಿಣಾಮವುಂಟೇ? ಉಳಿಸುವುದಕ್ಕೂ ತಡೆದುಕೊಳ್ಳುವುದಕ್ಕೂ ಅಲ್ಲಿ ಬೆಲೆಯಿದೆಯೇ? ಈ ಅಳತೆಯಲ್ಲಿ 'ಮಿಸೈಲ್ ಕಮಾಂಡ್' ಮತ್ತು 'ಡಿಫೆಂಡರ್' ಬಹುಪಾಲು ನಿಲ್ಲುತ್ತವೆ. 'ಸ್ಪೇಸ್ ಇನ್‌ವೇಡರ್ಸ್' ಮತ್ತು 'ಸೆಂಟಿಪೀಡ್' ಕಲಾಕೌಶಲದಲ್ಲಿ ಗೆದ್ದರೂ ಚರ್ಚೆಯಿಲ್ಲದೆ ಒಪ್ಪಿಸಬೇಕಾದವುಗಳಲ್ಲ. 'ಆಪರೇಷನ್ ವುಲ್ಫ್' ತನ್ನದೇ ನೀತಿಯನ್ನು ತಾನೇ ಮುರಿಯುತ್ತದೆ. 'ಚಿಲ್ಲರ್' ಪರಿಗಣನೆಗೂ ಯೋಗ್ಯವಲ್ಲ.

ಬೇಸಿಗೆಯ ಸಂಸ್ಕಾರ ಶಿಬಿರಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳು ಮೊಬೈಲುಗಳನ್ನು ಹೊರಗಿಡಿಸುವುದರಲ್ಲಿಯೇ ತೃಪ್ತರಾಗಬಾರದೆಂಬುದು ನಮ್ಮ ವಿನಂತಿ. ಯಶೋಧರನ ಕಥೆಯನ್ನು ಹೇಳುವ ದಿನ, ಹಿರಿಯರೊಬ್ಬರ ಸಮ್ಮುಖದಲ್ಲಿ ಇಂಥ ಒಂದೆರಡು ಹಳೆಯ ಆಟಗಳ ನಿಯಮಗಳನ್ನು ಮಕ್ಕಳಿಂದಲೇ ವಿವರಿಸಿ ಹೇಳಿಸಿ, ಮೇಲಿನ ಪ್ರಶ್ನೆಗಳನ್ನು ಅವರ ಮುಂದಿಡಬಹುದು. ಮನೆಯಲ್ಲಿ ತಂದೆತಾಯಿಗಳು ಮಗುವಿನ ಪಕ್ಕದಲ್ಲಿ ಕುಳಿತು ಒಮ್ಮೆ ಆಡಿ ನೋಡಬಹುದು. ಆಡುವಾಗ ತಮ್ಮ ಮನಸ್ಸಿನಲ್ಲಿ ಏಳುವುದು ಉಳಿಸುವ ಕಾತರವೋ ಕೆಡಹುವ ಹರ್ಷವೋ ಎಂಬುದನ್ನು ಮೊದಲು ತಾವು ಗುರುತಿಸಿಕೊಂಡರೆ, ಮಗುವಿಗೆ ಏನು ಹೇಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಸಾಯಂಕಾಲದ ಪ್ರತಿಕ್ರಮಣದ ಅಭ್ಯಾಸವಿರುವ ಮನೆಗಳಲ್ಲಿ ಇದೇನೂ ಹೊಸ ಸಾಧನೆಯಲ್ಲ.